ಪಣಜಿಯ ಕಾರ್ನಿವಲ್ ಮೆರವಣಿಗೆಗೆ ಮೊದಲ ಸಲ ಹೋಗಿದ್ದೆವು, ಅನುಭವ ಬರೆದಿದ್ದೇನೆ, ನೋಡಿದವರು ನಿಮ್ಮದೂ ಬರೆಯಿರಿ

ಕೆರೆದಂಡೆ_ಧಾರವಾಡ

ಧಾರವಾಡದಿಂದ ಗೋವಾಕ್ಕೆ ಎಷ್ಟು ಸಲ ಇಳಿದಿದ್ದೇವೋ ಲೆಕ್ಕ ಇಟ್ಟಿಲ್ಲ. ಕಡಲು, ಮೀನೂಟ, ಮಂಗೇಶಿ ದೇವಸ್ಥಾನ, ಮತ್ತೆ ಘಾಟ್ ಹತ್ತಿ ಮನೆ. ಕಾರ್ನಿವಲ್ ಮಾತ್ರ ನೋಡಿರಲಿಲ್ಲ. ಅದು ಕುಡಿಯುವವರ ಹಬ್ಬ, ಹುಡುಗರ ಗಲಾಟೆ, ಮನೆಮಂದಿ ಹೋಗುವ ಜಾಗ ಅಲ್ಲ ಅಂತ ನಮ್ಮ ಕಡೆ ಮಾತು. ನಾನೂ ಹಾಗೇ ನಂಬಿದ್ದೆ. ಅವ್ವ ಒಮ್ಮೆ ಟಿವಿಯಲ್ಲಿ ನೋಡಿ ‘ಇದೊಂದು ನೋಡೂಣು ನಡಿಯೋ’ ಎಂದು ಹಟ ಹಿಡಿದಳು. ಅವಳಿಗೆ 71 ವರ್ಷ, ಮಂಡಿ ನೋವು ಬೇರೆ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಅವ್ವ, ನಾಲ್ವರೂ ಶನಿವಾರ ನಸುಕಿನಲ್ಲಿ ಹೊರಟೆವು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ನಾಲ್ಕು ದಿನದ ಹಬ್ಬ. ದೊಡ್ಡ ಮೆರವಣಿಗೆ ಶನಿವಾರ ಪಣಜಿಯಲ್ಲಿ, ಭಾನುವಾರ ಮಡಗಾಂವ್‌ನಲ್ಲಿ, ಸೋಮವಾರ ವಾಸ್ಕೋದಲ್ಲಿ, ಮಂಗಳವಾರ ಮಾಪ್ಸಾದಲ್ಲಿ. ಪಣಜಿ ರಾಜಧಾನಿ ಅಂತ ಹೆಸರಿಗೆ ಇದ್ದರೂ ಸಣ್ಣ ಊರು, 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 40 ಸಾವಿರ. ಅಷ್ಟು ಸಣ್ಣ ಊರಿಗೆ ಆ ಒಂದು ಸಂಜೆ ಎಲ್ಲಾ ದಿಕ್ಕಿನಿಂದ ಜನ ಬಂದು ಸೇರುತ್ತಾರೆ, ಆದ್ದರಿಂದ ಮಧ್ಯಾಹ್ನದ ಮೇಲೆ ಗಾಡಿ ಒಳಗೆ ಬಿಡುವುದಿಲ್ಲ. ನಾವು ಪಾಟೋ ಕಡೆ ಗಾಡಿ ನಿಲ್ಲಿಸಿ ನಡೆದೆವು.

ಮಾಂಡವಿ ದಂಡೆಯ ರಸ್ತೆಯಲ್ಲಿ, ಹಳೇ ಸೆಕ್ರೆಟೇರಿಯೆಟ್ ಹತ್ತಿರ ಜಾಗ ಹಿಡಿದೆವು. ಆ ಕಟ್ಟಡ ಮೊದಲು ವಿಜಯಪುರದ ಯೂಸುಫ್ ಆದಿಲ್ ಶಾಹನ ಅರಮನೆ. 1510ರಲ್ಲಿ ಪೋರ್ಚುಗೀಸರು ಬಂದ ಮೇಲೆ ಅವರ ಕೈಗೆ ಹೋಯಿತು. ಊರಿನ ಸರ್ಕಾರಿ ಬಸ್ಸಿಗೆ ಕದಂಬ ಅಂತ ಹೆಸರು. ಅವ್ವನಿಗೆ ಇದನ್ನೆಲ್ಲ ಹೇಳಿದೆ, ಅವಳು ‘ಹಂಗಾರ ನಾವೇನ್ ಪರದೇಶಕ್ಕ ಬಂದಿಲ್ಲ’ ಎಂದಳು.

ಮೂರೂವರೆಗೆ ಶುರು ಅಂದಿದ್ದರು. ಎರಡು ಗಂಟೆಗೇ ನಿಂತಿದ್ದೆವು. ಬಿಸಿಲು ಜೋರು. ಪಕ್ಕದಲ್ಲಿ ಒಬ್ಬರು ಗೋವಾದ ಅಜ್ಜಿ, ಹೂವಿನ ಫ್ರಾಕು, ಮಡಚುವ ಕುರ್ಚಿ ತಂದಿದ್ದರು. ಅವ್ವ ಕಾಲು ಬದಲಿಸುತ್ತಾ ನಿಂತಿದ್ದನ್ನು ನೋಡಿ ಎದ್ದು ‘ಬೊಸ್, ಬೊಸ್’ ಎಂದು ಕುರ್ಚಿ ಕೊಟ್ಟರು. ಅವ್ವ ಒಲ್ಲೆ ಎಂದಳು, ಅವರು ಬಿಡಲಿಲ್ಲ. ಆಮೇಲೆ ಹತ್ತು ಹತ್ತು ನಿಮಿಷ ಒಬ್ಬರಾದ ಮೇಲೆ ಒಬ್ಬರು ಕೂತರು. ಇವಳಿಗೆ ಕೊಂಕಣಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಅಷ್ಟೂ ಹೊತ್ತು ಇಬ್ಬರ ಮಾತು ನಿಲ್ಲಲಿಲ್ಲ.

ಮೊದಲ ಗಾಡಿ ನಮ್ಮ ಮುಂದೆ ಬಂದಾಗ ಐದು ದಾಟಿತ್ತು. ಅದು ಮೋಮೋ ರಾಜನದು, ಅಂದರೆ ಕಾರ್ನಿವಲ್‌ಗೆ ರಾಜನ ವೇಷ ಹಾಕಿದವನದು. ಕಿರೀಟ, ಮಿಂಚುವ ದಪ್ಪ ಬಟ್ಟೆ, ಸುತ್ತ ಕುಣಿಯುವವರು. ‘ಖಾ, ಪಿಯೆ ಆನಿ ಮಜಾ ಕರ್’, ತಿನ್ನು, ಕುಡಿ, ಮಜಾ ಮಾಡು ಅಂತ ಅವನ ಅಪ್ಪಣೆ, ನಾಲ್ಕು ದಿನ ಊರು ಅವನದು. ಹಿಂದೆ ಸಾಲು ಸಾಲು ಫ್ಲೋಟ್‌ಗಳು. ನಮ್ಮ ದಸರಾದ ಸ್ತಬ್ಧಚಿತ್ರದ ಹಾಗೇ ಲಾರಿ, ಟ್ರ್ಯಾಕ್ಟರ್ ಮೇಲೆ ಕಟ್ಟಿರುತ್ತಾರೆ, ಆದರೆ ಮೇಲೆ ನಿಂತವರು ಯಾರೂ ಸುಮ್ನೆ ನಿಲ್ಲುವುದಿಲ್ಲ. ಕಂಪನಿಗಳ ಜಾಹೀರಾತಿನ ಫ್ಲೋಟ್‌ಗಳೂ ಇದ್ದವು, ಅವುಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ನನಗೆ ಹಿಡಿಸಿದ್ದು ಮನೆಮಂದಿ ಸೇರಿ ಮಾಡಿದವು ಮತ್ತು ಹಳ್ಳಿಯವರು ಕಟ್ಟಿದವು. ಒಂದರಲ್ಲಿ ಪೂರ್ತಿ ಒಂದು ಹಳೇ ಅಡುಗೆಮನೆ. ಒಲೆ, ಒರಳು, ಬೀಸುವ ಕಲ್ಲು, ಮಣ್ಣಿನ ಗಡಿಗೆ. ಬುಟ್ಟಿ ಹೊತ್ತ ಬ್ರೆಡ್ ಮಾರುವವನು, ಅವನನ್ನು ಪೊದೇರ್ ಅನ್ನುತ್ತಾರೆ. ತೆಂಗಿನ ಮರ ಹತ್ತುವ ರೆಂದೇರ್. ಬಲೆ ಎಳೆಯುವವರು. ಅವ್ವ ಬೀಸುವ ಕಲ್ಲು ನೋಡಿ ಕುರ್ಚಿಯಿಂದ ಎದ್ದೇಬಿಟ್ಟಳು.

ಒಂದು ವಿಷಯ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆಯುತ್ತೇನೆ. ಒಂದು ಫ್ಲೋಟ್ ಮಾಂಡವಿ ನದಿಯದು. ನೀಲಿ ಬಟ್ಟೆ ಹಾಸಿ ನದಿ ಮಾಡಿದ್ದರು, ನಡುವೆ ತಾಯಿಯ ವೇಷದ ಹೆಂಗಸು, ಮಕ್ಕಳು ಮೀನಿನ ವೇಷದಲ್ಲಿ. ‘ಮ್ಹಾದೇಯ್ ನಮ್ಮ ತಾಯಿ, ಅವಳನ್ನು ಉಳಿಸಿ’ ಅನ್ನುವ ಅರ್ಥದ ಬರಹ. ಕುಣಿತ ನಿಂತು ಜನ ಚಪ್ಪಾಳೆ ಹೊಡೆದರು. ಆ ಅಜ್ಜಿ ಕೈ ಎದೆಗೆ ಇಟ್ಟುಕೊಂಡರು. ನಮ್ಮ ಹಿಂದೆ ಹರಿಯುತ್ತಿದ್ದ ಮಾಂಡವಿಯೇ ಮೇಲೆ ಖಾನಾಪುರ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ. ನಾವು ಹುಬ್ಬಳ್ಳಿ-ಧಾರವಾಡದವರು. ಎಂಟು ದಿನಕ್ಕೊಮ್ಮೆ ನಲ್ಲಿ ನೀರು ಹಿಡಿದವರು. ಈ ನದಿಯ ನೀರನ್ನು ನಮ್ಮ ಕಡೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆ ಬೇಕು ಅಂತ ನಾನೂ ರಸ್ತೆಗೆ ಇಳಿದಿದ್ದೇನೆ. ಅಲ್ಲಿ ನಿಂತು ಚಪ್ಪಾಳೆ ಹೊಡೆಯಲು ಕೈ ಬರಲಿಲ್ಲ, ಹೊಡೆಯದೆ ನಿಲ್ಲಲೂ ಆಗಲಿಲ್ಲ. ಅಜ್ಜಿ ಅವ್ವನಿಗೆ ಕೈಸನ್ನೆಯಲ್ಲಿ ನದಿ ತೋರಿಸಿ ಏನೋ ಹೇಳಿದರು. ಅವ್ವ ‘ಹೌದವ್ವಾ, ನೀರು ಅಂದ್ರ ತಾಯಿನ’ ಎಂದಳು.

ಹಬ್ಬ ಅಂದರೆ ಬರೀ ಕುಣಿತ ಅಂದುಕೊಂಡು ಹೋಗಿದ್ದೆ. ಒಂದು ಊರು ತನ್ನ ಸಂತೋಷ, ಚಿಂತೆ ಎರಡನ್ನೂ ಗಾಡಿ ಮೇಲೆ ಇಟ್ಟು ತಿರುಗಿಸುತ್ತದೆ ಅಂತ ಗೊತ್ತಿರಲಿಲ್ಲ. ನೋಡಿದವರು ಇದ್ದರೆ ಬರೆಯಿರಿ. ಹೋಗುವವರು ಏನು ಬೇಕಾದರೂ ಕೇಳಿ.

ಬೊಂಡ_ಮಂಗಳೂರು

ತುಂಬಾ ಚೆನ್ನಾಗಿ ಬರೆದಿದ್ದೀರಿ ಅಣ್ಣ. ನಾನು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್. ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಗೋವಾ ಪಾರ್ಟಿ ಅಂತ ಹೋಗುವ ಬಹಳ ಜನಕ್ಕೆ ಈ ಹಬ್ಬ ಯಾಕೆ ಅನ್ನುವುದೇ ಗೊತ್ತಿರುವುದಿಲ್ಲ.

ಮಂಗಳವಾರ ಕಾರ್ನಿವಲ್ ಮುಗಿಯುತ್ತದೆ. ಮರುದಿನ ಬೂದಿ ಬುಧವಾರ. ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚುತ್ತಾರೆ, ‘ಮಣ್ಣಾಗಿದ್ದೀ, ಮಣ್ಣಿಗೇ ಮರಳುತ್ತೀ’ ಅಂತ ನೆನಪಿಸುತ್ತಾರೆ. ಅಲ್ಲಿಂದ ಈಸ್ಟರ್‌ವರೆಗೆ ತಪಸ್ಸುಕಾಲ, ಕೊಂಕಣಿಯಲ್ಲಿ ಕರೆಜ್ಮ್. ಭಾನುವಾರಗಳನ್ನು ಬಿಟ್ಟು 40 ದಿನ. ಮಾಂಸ ಬಿಡುವವರು, ಕುಡಿತ ಬಿಡುವವರು, ಮದುವೆ ಇಟ್ಟುಕೊಳ್ಳದವರು, ಹೀಗೆ. ಆ ಉಪವಾಸಕ್ಕೆ ಮುಂಚೆ ಹೊಟ್ಟೆ ತುಂಬ ತಿಂದು ಮನಸ್ಸು ತುಂಬ ನಕ್ಕುಬಿಡುವುದೇ ಕಾರ್ನಿವಲ್. ಹಳಬರು ಇದನ್ನು ಇಂತ್ರೂಜ್ ಅನ್ನುತ್ತಾರೆ, ಪೋರ್ಚುಗೀಸಿನ ಎಂತ್ರೂದು ಅನ್ನುವ ಮಾತಿನಿಂದ ಬಂದದ್ದು.

ನಮ್ಮ ಮನೆಯಲ್ಲಿ ಮೆರವಣಿಗೆ ಏನೂ ಇಲ್ಲ. ಅಜ್ಜಿ ಇದ್ದಾಗ ಆ ಮಂಗಳವಾರ ಸಣ್ಣಾಂ ಮತ್ತು ಹಂದಿ ಮಾಂಸದ ಪದಾರ್ಥ, ರಾತ್ರಿ ಪಾತ್ರೆ ತೊಳೆದು ಕವುಚಿ ಇಟ್ಟರೆ ಮುಗಿಯಿತು. ಮರುದಿನದಿಂದ ಗಂಜಿ, ಚಟ್ನಿ. ಆ ಕವುಚಿದ ಪಾತ್ರೆ ನೋಡಿದಾಗ ನನಗೆ ಚಿಕ್ಕಂದಿನಲ್ಲಿ ಅಳು ಬರುತ್ತಿತ್ತು. ಈಗ ನಾನೂ ಹಾಗೇ ಮಾಡುತ್ತೇನೆ.

ಮಲೆನಾಡ_ಮಳೆ

ಟಿಕೆಟ್ ಇದೆಯಾ? ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ನನ್ನ ಮಗನಿಗೆ ಮೂರು ವರ್ಷ.

ಕೆರೆದಂಡೆ_ಧಾರವಾಡ

ರಸ್ತೆ ಪಕ್ಕ ನಿಂತು ನೋಡಲು ಟಿಕೆಟ್ ಇಲ್ಲ. ಮಕ್ಕಳು ಬೇಕಾದಷ್ಟು ಜನ ಇದ್ದರು. ಆದರೆ ಮೂರು ವರ್ಷದ ಮಗುವಿಗೆ ಸ್ಪೀಕರ್ ಶಬ್ದ ಜಾಸ್ತಿ ಆಗುತ್ತದೆ. ನನ್ನ ಮಗಳೇ ಎರಡು ಸಲ ಕಿವಿ ಮುಚ್ಚಿಕೊಂಡಳು. ಕಿವಿಗೆ ಹತ್ತಿ ಇಡಿ, ಸ್ಪೀಕರ್ ಕಟ್ಟಿದ ಕಂಬದಿಂದ ದೂರ ನಿಲ್ಲಿ. ನೀರು, ಟೋಪಿ ಮರೆಯಬೇಡಿ. ಬಾತ್‌ರೂಮಿಗೆ ಮೊದಲೇ ಹೋಗಿಬನ್ನಿ, ಒಮ್ಮೆ ಜನ ತುಂಬಿದರೆ ಅಲ್ಲಾಡಲು ಆಗುವುದಿಲ್ಲ.

ಬಿಳಿಜೋಳ

ಕ್ಷಮಿಸಿ, ನನ್ನ ಅನುಭವ ಬೇರೆ. ಬೆಂಗಳೂರಿನಿಂದ ಆರು ಜನ ಗೆಳೆಯರು ಹೋಗಿದ್ದೆವು. ಸಾಲಾಗಿ ಜಾಹೀರಾತಿನ ಗಾಡಿ, ಎಲ್ಲದರ ಮೇಲೂ ಒಂದೇ ಹಿಂದಿ ಹಾಡು, ಡಿಜೆ. ಗೋವಾ ಎಲ್ಲಿದೆ ಅಂತ ಹುಡುಕಬೇಕಾಯಿತು. ನಮ್ಮ ಹಿಂದೆ ನಿಂತವರು ಕುಡಿದು ಬಾಟಲಿ ರಸ್ತೆಗೆ ಎಸೆಯುತ್ತಿದ್ದರು. ಅವರಲ್ಲಿ ಅರ್ಧ ಜನ ನಮ್ಮ ರಾಜ್ಯದವರು, ಕನ್ನಡ ಕೇಳಿಸುತ್ತಿತ್ತು, ಅದೇ ಹೆಚ್ಚು ನಾಚಿಕೆ ಅನ್ನಿಸಿತು. ಅರ್ಧ ಗಂಟೆಯಲ್ಲಿ ಹೊರಟುಬಿಟ್ಟೆವು. ಇದನ್ನು ಸಂಸ್ಕೃತಿ ಅನ್ನಲು ನನಗೆ ಮನಸ್ಸಿಲ್ಲ.

ಕಾರವಾರ_ಕಡಲು

ಬಿಳಿಜೋಳ ಅವರೇ, ನೀವು ಹೇಳಿದ್ದು ಸುಳ್ಳಲ್ಲ. ಗೋವಾದವರೂ ಇದನ್ನೇ ಹೇಳುತ್ತಾರೆ. ಚರ್ಚಿನ ಕಡೆಯಿಂದಲೂ ಈ ಸರ್ಕಾರಿ ಮೆರವಣಿಗೆಯ ಬಗ್ಗೆ ಬೇಸರದ ಮಾತು ಬಂದಿದೆ. ಇದರ ಹಿನ್ನೆಲೆ ಸ್ವಲ್ಪ ತಿಳಿದರೆ ಯಾಕೆ ಹೀಗೆ ಅಂತ ಗೊತ್ತಾಗುತ್ತದೆ.

ಪೋರ್ಚುಗೀಸರ ಕಾಲದ ಇಂತ್ರೂಜ್‌ನಲ್ಲಿ ಬೀದಿಯಲ್ಲೇ ಹುಡುಗಾಟ. ಹಿಟ್ಟು ತುಂಬಿದ ಕಾಗದದ ಸಣ್ಣ ಪೊಟ್ಟಣ ಮಾಡಿ ಒಬ್ಬರಿಗೊಬ್ಬರು ಎಸೆಯುವುದು, ಬಣ್ಣದ ನೀರು, ಮೊಟ್ಟೆ. ನಮ್ಮ ಹೋಳಿಗೂ ಅದಕ್ಕೂ ಬಹಳ ದೂರ ಇಲ್ಲ. 1961ರ ಡಿಸೆಂಬರ್ 19ಕ್ಕೆ ಗೋವಾ ಭಾರತಕ್ಕೆ ಸೇರಿತು. ಈಗಿನ ರೀತಿ ಮೋಮೋ ರಾಜ, ಫ್ಲೋಟ್ ಮೆರವಣಿಗೆ ಶುರುವಾದದ್ದು 1965ರಲ್ಲಿ, ಪಣಜಿಯ ತಿಮೋತಿಯೊ ಫರ್ನಾಂಡಿಸ್ ಮುಂದಾಳತ್ವದಲ್ಲಿ. ಬ್ರೆಜಿಲ್‌ನ ರಿಯೋ ಕಾರ್ನಿವಲ್ ಅದಕ್ಕೆ ಮಾದರಿ. ಆಮೇಲೆ ಪ್ರವಾಸೋದ್ಯಮ ಇಲಾಖೆ ಕೈಹಾಕಿತು, ಸ್ಪರ್ಧೆ, ಬಹುಮಾನ ಬಂತು, ಅದರ ಜೊತೆಗೆ ಜಾಹೀರಾತೂ ಬಂತು.

ಹಾಗಾಗಿ ನೀವು ಮೆರವಣಿಗೆ ಒಂದನ್ನೇ ನೋಡಿದರೆ ಅರ್ಧ ಹಬ್ಬ ನೋಡಿದ ಹಾಗೆ. ಉಳಿದ ಅರ್ಧ ಹಳ್ಳಿಯಲ್ಲಿದೆ. ದಕ್ಷಿಣ ಗೋವಾದ ಸಾಲ್ಸೆಟ್ ಕಡೆ ಈ ದಿನಗಳಲ್ಲಿ ಖೆಳ್ ಆಡುತ್ತಾರೆ. ಮೊದಲೆಲ್ಲ ಮನೆ ಅಂಗಳದಲ್ಲಿ, ಶಿಲುಬೆಯ ಮುಂದಿನ ಬಯಲಲ್ಲಿ ಆಡುತ್ತಿದ್ದ ನಾಟಕ, ಡೋಲು, ಕಹಳೆ ಹಿಡಿದು ಊರಿಂದ ಊರಿಗೆ ಹೋಗುವ ತಂಡ, ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ನಮ್ಮ ಬಯಲಾಟ ನೋಡಿದವರಿಗೆ ತಕ್ಷಣ ಗುರುತು ಹತ್ತುತ್ತದೆ. ಊರ ಭಾಟಕಾರ, ಅಂದರೆ ಜಮೀನ್ದಾರ, ಅವನ ಮುಂದೆಯೇ ಅವನ ವೇಷ ಹಾಕಿ ಆಡಿ ತೋರಿಸುವ ಧೈರ್ಯ ಅವರದು.

ಇನ್ನೊಂದು ಚಾಂದೋರ್ ಊರಿನ ಮುಸಳ್ ಖೆಳ್. ಮುಸಳ್ ಅಂದರೆ ಒನಕೆ. ಕಾರ್ನಿವಲ್ ಸೋಮವಾರ ಅಲ್ಲಿನ ಕ್ರಿಶ್ಚಿಯನ್ ಗಂಡಸರು ಕಾಲಿಗೆ ಗೆಜ್ಜೆ, ಕೈಯಲ್ಲಿ ಒನಕೆ ಹಿಡಿದು, ನೆಲಕ್ಕೆ ಕುಟ್ಟುತ್ತಾ ಮನೆ ಮನೆ ಮುಂದೆ ಕುಣಿಯುತ್ತಾರೆ. ಹಾಡಿನಲ್ಲಿ ಹಳೇ ಯುದ್ಧದ ಗೆಲುವಿನ ನೆನಪು. ಚಾಂದೋರ್ ಅಂದರೆ ಗೋವಾ ಕದಂಬರ ರಾಜಧಾನಿಯಾಗಿದ್ದ ಚಂದ್ರಪುರ. ಮತ ಬದಲಾಯಿತು, ರಾಜ್ಯ ಬದಲಾಯಿತು, ಒನಕೆ ಮಾತ್ರ ಅವರ ಕೈಯಲ್ಲೇ ಉಳಿಯಿತು. ನಾನು ನೋಡಿದ್ದೇನೆ. ಡಿಜೆ ಇಲ್ಲ, ಜಾಹೀರಾತು ಇಲ್ಲ, ಒನಕೆ ಬಿದ್ದ ಸದ್ದು ಕಾಲಿನ ಕೆಳಗೆ ಗೊತ್ತಾಗುತ್ತದೆ.

ಬಿಳಿಜೋಳ

ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ನಾವು ಉಳಿದುಕೊಂಡಿದ್ದ ಕಡೆಯೂ ಯಾರೂ ಹೇಳಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ. ಥ್ಯಾಂಕ್ಸ್.

ನವಲಗುಂದ_ನೆಲ

ಧಾರವಾಡದ ಅಣ್ಣಾವರೆ, ಮಿಕ್ಕಿದ್ದೆಲ್ಲ ಸರಿ. ಮಹದಾಯಿ ವಿಷಯ ಓದಿ ಮನಸ್ಸಿಗೆ ನೋವಾಯಿತು. ನೀವು ಯಾಕೆ ಸುಮ್ಮನೆ ನಿಂತಿರಿ? ನಮ್ಮ ನರಗುಂದ, ನವಲಗುಂದದ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕೂತರು. ನಾನು ಕೂತಿದ್ದೇನೆ, ನನ್ನ ಅಪ್ಪ ಕೂತಿದ್ದಾರೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿದೆ. ಅದು ನಮ್ಮ ಹಕ್ಕು. ಕುಡಿಯುವ ನೀರು ಕೇಳಿದರೆ ನಾವು ಅವರ ತಾಯಿಯನ್ನು ಕಿತ್ತುಕೊಂಡ ಹಾಗೆ ಗಾಡಿ ಮೇಲೆ ತೋರಿಸುವುದು ಸರೀನಾ? ಅಲ್ಲಿ ನಿಂತು ಒಂದು ಮಾತು ಹೇಳಬೇಕಿತ್ತು.

ಕೆರೆದಂಡೆ_ಧಾರವಾಡ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ ತಮ್ಮಾ, ಆ ಧರಣಿಯ ಚಪ್ಪರದಲ್ಲಿ ನಾನೂ ಒಂದು ದಿನ ಕೂತಿದ್ದೆ. ನೀರು ನಮಗೆ ಬೇಕು, ಅದರಲ್ಲಿ ನಾನು ಹಿಂದೆ ಸರಿದಿಲ್ಲ. ಆದರೆ ಯಾರದೋ ಹಬ್ಬದಲ್ಲಿ, ಅವರ ಕುರ್ಚಿಯಲ್ಲಿ ಅವ್ವನನ್ನು ಕೂರಿಸಿ, ಅಲ್ಲಿ ವಾದ ಮಾಡಲು ನನಗೆ ಬಾಯಿ ಬರಲಿಲ್ಲ. ಇನ್ನೊಂದು ನಿಜ ಹೇಳುತ್ತೇನೆ. ನಾನು ಇಷ್ಟು ವರ್ಷ ಗೋವಾ ಅಂದರೆ ಅಲ್ಲಿನ ಮಂತ್ರಿಗಳು, ವಕೀಲರು ಅಂದುಕೊಂಡಿದ್ದೆ. ನದಿಗಾಗಿ ಎದೆ ಮೇಲೆ ಕೈ ಇಟ್ಟುಕೊಳ್ಳುವ ಅಜ್ಜಿ ಒಬ್ಬರು ಆ ಕಡೆ ಇದ್ದಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಅವ್ವ ನೀರಿಗಾಗಿ ರಾತ್ರಿ ಎರಡಕ್ಕೆ ಎದ್ದವಳು ಅಂತ ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ನವಲಗುಂದ_ನೆಲ

ಆಯ್ತಣ್ಣ. ಹೇಳುವ ಕೆಲಸ ಯಾರಾದರೂ ಮಾಡಬೇಕು ಅಷ್ಟೇ. ಅವ್ವಾರಿಗೆ ನಮಸ್ಕಾರ ತಿಳಿಸಿ.

ವಾಸ್ಕೋ_ಬಯಲು

ಈ ಚರ್ಚೆ ಓದುತ್ತಾ ಓದುತ್ತಾ ರಾತ್ರಿ ಹನ್ನೆರಡಾಯಿತು. ನಾನು ವಾಸ್ಕೋದಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಅಮ್ಮ ಬಾಗಲಕೋಟೆ ಜಿಲ್ಲೆಯವರು, ಬರಗಾಲದ ವರ್ಷ ಊರು ಬಿಟ್ಟು ಬಂದವರು. ಅಪ್ಪ ಮೊರ್ಮುಗೋವಾ ಬಂದರಿನಲ್ಲಿ ಹಮಾಲಿ, ಅಮ್ಮ ಮೂರು ಮನೆ ಕೆಲಸ. ಬಾಯ್ನಾ ಹತ್ತಿರ ತಗಡಿನ ಮನೆ. ನಮ್ಮಂಥವರು ವಾಸ್ಕೋದಲ್ಲಿ ಬಹಳ ಜನ ಇದ್ದಾರೆ, ವಿಜಯಪುರ, ಗದಗ, ಕೊಪ್ಪಳ, ಎಲ್ಲಾ ಕಡೆಯವರು. ಅಲ್ಲಿನವರು ನಮ್ಮನ್ನು ‘ಘಾಂಟಿ’ ಅನ್ನುತ್ತಿದ್ದರು, ಘಾಟ್ ಮೇಲಿನವರು ಅಂತ. ಮಾತು ಅಷ್ಟೇ, ಆದರೆ ಹೇಳುವ ರೀತಿಯಲ್ಲಿ ಕಲ್ಲು ಇರುತ್ತಿತ್ತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ. ಮನೆಗೆ ಬಂದು ಅಮ್ಮನ ಹತ್ತಿರ ಅತ್ತರೆ ಅಮ್ಮ ‘ಓದು’ ಅನ್ನುತ್ತಿದ್ದಳು, ಬೇರೇನೂ ಇಲ್ಲ.

ಸೋಮವಾರ ನಮ್ಮ ವಾಸ್ಕೋ ಮೆರವಣಿಗೆ. ಅಪ್ಪ ಅವತ್ತು ಬೇಗ ಬರುತ್ತಿದ್ದರು. ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಫ್ಲೋಟ್ ಮೇಲಿಂದ ಚಾಕಲೇಟ್ ಎಸೆಯುತ್ತಾರೆ, ಬಣ್ಣದ ಕಾಗದದ ಚೂರು ಎಸೆಯುತ್ತಾರೆ. ಅದನ್ನು ಆರಿಸಿ ಪುಸ್ತಕದ ನಡುವೆ ಇಡುತ್ತಿದ್ದೆ. ವರ್ಷದಲ್ಲಿ ಆ ಒಂದು ದಿನ ಯಾರೂ ನಮ್ಮನ್ನು ನೀವು ಯಾರು ಅಂತ ಕೇಳುತ್ತಿರಲಿಲ್ಲ. ಎಲ್ಲರ ಮುಖಕ್ಕೂ ಬಣ್ಣ ಇರುತ್ತಿತ್ತಲ್ಲ.

ಒಂಬತ್ತನೇ ತರಗತಿಯಲ್ಲಿ ನಮ್ಮ ಶಾಲೆಯಿಂದ ಫ್ಲೋಟ್ ಮಾಡಿದರು. ಮೀನುಗಾರರ ಬದುಕು ಅಂತ ವಿಷಯ. ಮೀನು ಮಾರುವ ಹೆಂಗಸಿನ ಪಾತ್ರಕ್ಕೆ ಟೀಚರ್ ನನ್ನನ್ನು ಆರಿಸಿದರು. ಒಬ್ಬಳು ಹುಡುಗಿ ‘ಅವಳು ಗೋವಾದವಳಲ್ಲ’ ಎಂದಳು. ಟೀಚರ್ ಕೊಂಕಣಿಯಲ್ಲಿ ಅವಳಿಗೆ ಕೇಳಿದ್ದು ಇಷ್ಟೇ: ‘ಇವಳು ಎಲ್ಲಿ ಹುಟ್ಟಿದ್ದು?’ ಮುಗಿಯಿತು. ಸೀರೆ ಕಚ್ಚೆ ಹಾಕಿ ಉಟ್ಟು, ತಲೆಯಲ್ಲಿ ಅಬ್ಬಲಿಗೆ, ಬುಟ್ಟಿಯಲ್ಲಿ ರಟ್ಟಿನ ಮೀನು. ಮೂರು ಗಂಟೆ ಕುಣಿದೆ. ರಸ್ತೆ ತಿರುವಿನಲ್ಲಿ ಅಮ್ಮ ನಿಂತಿದ್ದಳು, ಕೆಲಸದ ಮನೆಯ ಯಜಮಾನಿಯ ಜೊತೆ. ಆ ಯಜಮಾನಿ ನನ್ನನ್ನು ತೋರಿಸಿ ಪಕ್ಕದವರಿಗೆ ಕೂಗಿ ಹೇಳುತ್ತಿದ್ದರು, ನಮ್ಮ ಮನೆ ಹುಡುಗಿ ಅಂತ. ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡಿದ್ದಳು.

ಒಂದು ದಿನದ ಹಬ್ಬದಿಂದ ಎಲ್ಲಾ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಮಂಗಳವಾರ ಬಸ್ಸಿನಲ್ಲಿ ಮತ್ತೆ ಅದೇ ಮಾತು ಕೇಳಿದೆ. ಆದರೂ ಬಿಳಿಜೋಳ ಅವರು ಗೋವಾ ಎಲ್ಲಿದೆ ಅಂತ ಕೇಳಿದ್ದರಲ್ಲ, ಅವರಿಗೆ ಇದನ್ನು ಹೇಳಬೇಕು ಅನ್ನಿಸಿತು. ನೀವು ನೋಡಿದ ಗಾಡಿಗಳ ನಡುವೆ ಎಲ್ಲೋ ಒಂದು ಶಾಲೆಯ ಗಾಡಿ ಇದ್ದೇ ಇರುತ್ತದೆ. ಅದರ ಮೇಲೆ ನನ್ನಂಥ ಒಬ್ಬಳು ಇರುತ್ತಾಳೆ.

ಬೊಂಡ_ಮಂಗಳೂರು

ಅಕ್ಕಾ, ಓದಿ ಕಣ್ಣು ತುಂಬಿತು. ನಿಮ್ಮ ಅಮ್ಮ ಈಗ?

ವಾಸ್ಕೋ_ಬಯಲು

ಚೆನ್ನಾಗಿದ್ದಾರೆ. ಅಪ್ಪ ಇಲ್ಲ. ಅಮ್ಮ ನನ್ನ ಜೊತೆ ವಾಸ್ಕೋದಲ್ಲೇ ಇದ್ದಾರೆ, ಊರಿಗೆ ಹೋಗೋಣ ಅಂದರೆ ಇದೇ ನನ್ನೂರು ಅನ್ನುತ್ತಾರೆ. ಈಗಲೂ ಸೋಮವಾರ ಅದೇ ತಿರುವಿನಲ್ಲಿ ನಿಲ್ಲುತ್ತೇವೆ.

ತುಂಗೆಯ_ಹೊಳೆ

ನಾವು ನಾಲ್ಕು ಜನ ಹೆಂಗಸರು ಹೋಗೋಣ ಅಂದುಕೊಂಡಿದ್ದೇವೆ, ಶಿವಮೊಗ್ಗದಿಂದ. ಎಲ್ಲಾ 40 ದಾಟಿದವರು. ಸುರಕ್ಷಿತವಾ? ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ.

ವಾಸ್ಕೋ_ಬಯಲು

ಬನ್ನಿ ಅಕ್ಕಾ. ಮೊದಲ ಮಾತು, ಕುಟುಂಬಗಳು, ಅಜ್ಜಿಯರು ನಿಂತ ಕಡೆ ನಿಲ್ಲಿ. ಅವರು ಕುರ್ಚಿ ಹಾಕಿಕೊಂಡಿರುತ್ತಾರೆ, ದೂರದಿಂದಲೇ ಗೊತ್ತಾಗುತ್ತದೆ. ಬಾರ್ ಮುಂದೆ ನಿಲ್ಲಬೇಡಿ. ಕತ್ತಲಾದ ಮೇಲೆ ಕೊನೆಯ ಗಾಡಿಗಳ ಹಿಂದೆ ನುಗ್ಗುವ ಗುಂಪು ಬರುತ್ತದೆ, ಅದಕ್ಕೆ ಮುಂಚೆ ಪಕ್ಕದ ರಸ್ತೆಗೆ ಸರಿದುಬಿಡಿ. ಪೊಲೀಸರು ಎಲ್ಲಾ ಕಡೆ ಇರುತ್ತಾರೆ, ಯಾರಾದರೂ ಮೈಮೇಲೆ ಬಂದರೆ ಸಹಿಸಿಕೊಳ್ಳದೆ ಜೋರಾಗಿ ಕೂಗಿ, ಪಕ್ಕದ ಹೆಂಗಸರೇ ಮೊದಲು ಬರುತ್ತಾರೆ. ಫೋನು, ಪರ್ಸು ಮುಂದಿನ ಚೀಲದಲ್ಲಿ ಇರಲಿ. ವಾಪಸ್ ಹೋಗುವುದಕ್ಕೆ ಗಾಡಿ ಮೊದಲೇ ಮಾತಾಡಿಕೊಳ್ಳಿ, ರಾತ್ರಿ ಒಂಬತ್ತಕ್ಕೆ ಟ್ಯಾಕ್ಸಿ ಕೇಳಿದರೆ ಬಾಯಿಗೆ ಬಂದ ರೇಟು.

ಮತ್ತೆ ಎಲ್ಲರಿಗೂ ಒಂದು ಕೋರಿಕೆ. ಕುಣಿಯುವ ಹುಡುಗಿಯರ ಫೋಟೋ ತೆಗೆಯುವಾಗ ಸ್ವಲ್ಪ ಯೋಚಿಸಿ. ಅವರಲ್ಲಿ ಎಷ್ಟೋ ಜನ ಶಾಲೆ ಮಕ್ಕಳು. ಪೂರ್ತಿ ಗಾಡಿಯ ಫೋಟೋ ತೆಗೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಒಬ್ಬಳ ಕಾಲಿಗೆ ಝೂಮ್ ಹಾಕುವ ಗಂಡಸರನ್ನು ನಾನು ಗಾಡಿ ಮೇಲಿಂದ ನೋಡಿದ್ದೇನೆ. ಮೇಲೆ ನಿಂತವರಿಗೆ ಎಲ್ಲಾ ಕಾಣುತ್ತದೆ.

ಪಂಚಾಂಗ_ಪ್ರಿಯ

ನನ್ನದೊಂದು ಸಣ್ಣ ವಿಷಯ. ಕಾರ್ನಿವಲ್ ದಿನಾಂಕ ಪ್ರತಿ ವರ್ಷ ಯಾಕೆ ಬದಲಾಗುತ್ತದೆ ಅಂತ ಕುತೂಹಲಕ್ಕೆ ಲೆಕ್ಕ ಹಾಕಿದೆ. ಚರ್ಚಿನ ಲೆಕ್ಕದಲ್ಲಿ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ, ಅದು ಕಳೆದ ಮೇಲಿನ ಭಾನುವಾರ ಈಸ್ಟರ್. ಅಲ್ಲಿಂದ 46 ದಿನ ಹಿಂದೆ ಎಣಿಸಿದರೆ ಬೂದಿ ಬುಧವಾರ. ಹುಣ್ಣಿಮೆಯಿಂದ ಒಂದೂವರೆ ತಿಂಗಳು ಹಿಂದೆ ಹೋದರೆ ಸಿಗುವುದು ಅಮಾವಾಸ್ಯೆ. ಅಂದರೆ ಕಾರ್ನಿವಲ್ ಅಮಾವಾಸ್ಯೆಯ ಆಸುಪಾಸಿನಲ್ಲೇ ಬರುತ್ತದೆ. ನಮ್ಮ ಶಿವರಾತ್ರಿ ಅಮಾವಾಸ್ಯೆಯ ಹಿಂದಿನ ರಾತ್ರಿ, ಮಾಘದ್ದು. ಹಾಗಾಗಿ ಎರಡೂ ಎಷ್ಟೋ ವರ್ಷ ಒಟ್ಟಿಗೆ ಬರುತ್ತವೆ! 2023ರಲ್ಲಿ ಪಣಜಿ ಮೆರವಣಿಗೆಯ ಶನಿವಾರ, ಫೆಬ್ರವರಿ 18, ಅವತ್ತೇ ಶಿವರಾತ್ರಿ. 2026ರಲ್ಲಿ ಕಾರ್ನಿವಲ್ ಫೆಬ್ರವರಿ 14ರಿಂದ 17, ಶಿವರಾತ್ರಿ 15ಕ್ಕೆ. 2024ರಂಥ ವರ್ಷದಲ್ಲಿ ಮಾತ್ರ ಒಂದು ತಿಂಗಳು ಅಂತರ ಬೀಳುತ್ತದೆ. ಒಂದೇ ಚಂದ್ರನನ್ನು ನೋಡಿ ಒಬ್ಬರು ಉಪವಾಸ ಕೂರುತ್ತಾರೆ, ಒಬ್ಬರು ಉಪವಾಸಕ್ಕೆ ಮುಂಚೆ ಕುಣಿಯುತ್ತಾರೆ.

ಮಲೆನಾಡ_ಮಳೆ

ಇದು ಗೊತ್ತೇ ಇರಲಿಲ್ಲ. ಊಟದ ಬಗ್ಗೆ ಯಾರೂ ಹೇಳಲಿಲ್ಲ, ನಾವು ಸಸ್ಯಾಹಾರಿಗಳು.

ಕಾರವಾರ_ಕಡಲು

ಪಣಜಿಯಲ್ಲಿ ಸಸ್ಯಾಹಾರಕ್ಕೆ ಏನೂ ಕಷ್ಟ ಇಲ್ಲ. ಹಳೇ ಹೋಟೆಲಿಗೆ ಹೋಗಿ ಪಾತಳ್ ಭಾಜಿ ಮತ್ತು ಪಾವ್ ತಿನ್ನಿ, ಜೊತೆಗೆ ಮಿರ್ಚಿ. ಕೋಕಂ, ತೆಂಗಿನ ಹಾಲಿನ ಸೋಲಕಡಿ ಕುಡಿಯಿರಿ. ಮಾಂಸ ತಿನ್ನುವವರು ಚೋರಿಸ್ ಪಾವ್ (ಹಂದಿ ಮಾಂಸದ ಸಾಸೇಜ್, ಬ್ರೆಡ್) ಬಿಡಬೇಡಿ, ಸಂಜೆ ಗಾಡಿಯಲ್ಲಿ ರಾಸ್ ಆಮ್ಲೆಟ್ (ಖಾರದ ಗ್ರೇವಿ ಹಾಕಿದ ಆಮ್ಲೆಟ್) ಸಿಗುತ್ತದೆ. ಚರ್ಚಿನ ಎದುರಿನ ಮುನಿಸಿಪಲ್ ಗಾರ್ಡನ್ ಹತ್ತಿರ ಸಾಂಬಾ ಸ್ಕ್ವೇರ್ ಅಂತ ಮಾಡುತ್ತಾರೆ, ಸಂಜೆ ಹಾಡು, ತಿಂಡಿ ಮಳಿಗೆ. ಬೆಳಿಗ್ಗೆ ಸಮಯ ಇದ್ದರೆ ಹಳೇ ಪೋರ್ಚುಗೀಸ್ ಶೈಲಿಯ ಮನೆಗಳಿರುವ ಫೊಂಟೈನಾಸ್ ಗಲ್ಲಿಗಳಲ್ಲಿ ನಡೆಯಿರಿ, ಆದರೆ ಅವು ಜನ ವಾಸ ಮಾಡುವ ಮನೆಗಳು, ಬಾಗಿಲ ಮುಂದೆ ನಿಂತು ಗಲಾಟೆ ಮಾಡಬೇಡಿ. ಮಂಗಳವಾರ ರಾತ್ರಿ ಕ್ಲಬ್ ನಾಸಿಯೊನಾಲ್‌ನವರ ಕೆಂಪು-ಕಪ್ಪು ನೃತ್ಯದೊಂದಿಗೆ ಹಬ್ಬ ಮುಗಿಯುತ್ತದೆ, ಹೋಗುವವರು ಆ ಎರಡು ಬಣ್ಣದ ಬಟ್ಟೆ ಹಾಕಿಕೊಳ್ಳುತ್ತಾರೆ.

ಬರುವ ದಾರಿ: ಕಾರವಾರದಿಂದ ಕದಂಬ ಬಸ್ಸಿನಲ್ಲಿ ಮಡಗಾಂವ್, ಅಲ್ಲಿಂದ ಪಣಜಿಗೆ ನಡುವೆ ನಿಲ್ಲದ ಶಟಲ್. ಹುಬ್ಬಳ್ಳಿ ಕಡೆಯವರು ಲೋಂಡಾ, ಕ್ಯಾಸಲ್‌ರಾಕ್ ದಾರಿಯ ರೈಲಿನಲ್ಲಿ ಮಡಗಾಂವ್‌ಗೆ ಬನ್ನಿ, ದೂಧ್‌ಸಾಗರ್ ದಾಟಿ ಬರುತ್ತದೆ. ಬೆಳಗಾವಿಯವರಿಗೆ ಚೋರ್ಲಾ ಘಾಟ್. ಪಣಜಿಯ ಮೆರವಣಿಗೆ ರಸ್ತೆ ಎಲ್ಲಾ ವರ್ಷ ಒಂದೇ ಇರುವುದಿಲ್ಲ, ಕೆಲವು ವರ್ಷ ಮಿರಾಮಾರ್–ದೋನಾ ಪಾವ್ಲಾ ಕಡೆ ಹಾಕಿದ್ದರು. ಆ ವಾರ ಪತ್ರಿಕೆ ನೋಡಿಕೊಂಡೇ ಜಾಗ ಹಿಡಿಯಿರಿ.

ಬಿಳಿಜೋಳ

ಮುಂದಿನ ವರ್ಷ ನಾನು ಮತ್ತೆ ಹೋಗುತ್ತೇನೆ. ಈ ಸಲ ಚಾಂದೋರ್. ದಿನಾಂಕ ಯಾರಾದರೂ ಹೇಳಿ.

ಪಂಚಾಂಗ_ಪ್ರಿಯ

2027ರ ಈಸ್ಟರ್ ಮಾರ್ಚ್ 28. ಬೂದಿ ಬುಧವಾರ ಫೆಬ್ರವರಿ 10. ಹಾಗಾಗಿ ಪಣಜಿ ಫೆಬ್ರವರಿ 6 ಶನಿವಾರ, ಚಾಂದೋರ್ 8 ಸೋಮವಾರ.

ಕೆರೆದಂಡೆ_ಧಾರವಾಡ

ನಾವೂ ಸೋಮವಾರದವರೆಗೆ ಉಳಿಯುವುದು ಅಂತ ಆಗಿದೆ. ಅವ್ವ ಆ ಅಜ್ಜಿಯ ನಂಬರ್ ತೆಗೆದುಕೊಂಡಿದ್ದಳು, ನನಗೆ ಹೇಳಿಯೇ ಇರಲಿಲ್ಲ. ಹೋದ ವಾರ ಅವರಿಂದ ಫೋನ್ ಬಂತು. ಅವರ ಮೊಮ್ಮಗಳು ನಡುವೆ ಕೂತು ಹಿಂದಿಯಲ್ಲಿ ಹೇಳುತ್ತಿದ್ದಳು, ನನ್ನ ಮಗಳು ಈ ಕಡೆ ಕನ್ನಡದಲ್ಲಿ. ಅವ್ವ ಅವರನ್ನು ಹೋಳಿ ಹಬ್ಬಕ್ಕೆ ಹುಬ್ಬಳ್ಳಿ ಕಾಮಣ್ಣ ನೋಡಲು, ಜಗ್ಗಲಗಿ ಅನ್ನುವ ಚರ್ಮವಾದ್ಯದ ಸದ್ದು ಕೇಳಲು ಕರೆದಿದ್ದಾಳೆ. ಅವರು ಎಲ್ಲಕ್ಕಿಂತ ಮೊದಲು ಕೇಳಿದ್ದು, ಅಷ್ಟು ಹೊತ್ತು ನಿಲ್ಲಬೇಕಾ, ಕುರ್ಚಿ ತರಬೇಕಾ ಅಂತ.

ತುಂಗೆಯ ಹೊಳೆ ಅಕ್ಕಾವರೆ, ನೀವು ನಾಲ್ವರೂ ಬರುವುದಾದರೆ ಇಲ್ಲಿ ಬರೆಯಿರಿ. ಒಂದೇ ಕಡೆ ನಿಲ್ಲೋಣ. ಕುರ್ಚಿ ನಾವು ತರುತ್ತೇವೆ.

ತುಂಗೆಯ_ಹೊಳೆ

ಬರುತ್ತೇವೆ ಸರ್. ಮನೆಯಲ್ಲಿ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಈಗ ಅತ್ತೆಯೂ ಬರುತ್ತೇನೆ ಅನ್ನುತ್ತಿದ್ದಾರೆ, ಐದು ಜನ ಅಂತ ಬರೆದುಕೊಳ್ಳಿ.